ಜಂತ್ರಡಿ

ಸೂಜಿಯಿಲ್ಲ ಎಂದಾಗ ಹೊನ್ನು ಪಟಗಾರ ನಂಬಲಿಲ್ಲ.
ಮಾಣಿಕಟ್ಟಾದಿಂದ ಮೊದಲ ಬಸ್ಸಿಗೆ, ಹಸಿದ ಹೊಟ್ಟೆಯಲ್ಲಿ,
ಅಂಗಿಯ ತೋಳು ಮಡಚಿಕೊಂಡೇ ಬಂದಿದ್ದ ಕಾರವಾರಕ್ಕೆ.
"ರಕ್ತ ತೆಗೀದೆ ರಕ್ತ ನೋಡುದು ಹ್ಯಾಂಗ್ರಾ?"
ಕೇಳುವುದು, ಎಂದೆ. ಬರೀ ಕೇಳುವುದು.

ಹದಿನಾಲ್ಕನೇ ಕೋಣೆ. ಕಿಟಕಿಯಲ್ಲಿ ಬೈತಖೋಲದ ಡೀಸೆಲ್ ವಾಸನೆ.
ಪಟ್ಟಿ ಸುತ್ತಿದೆ, ಮೊದಲು ತೋಳಿಗೆ, ಆಮೇಲೆ ಕಾಲ ಹರಡಿಗೆ.
ಲೋಳೆ ಹಚ್ಚಿದರೆ ಬೆಚ್ಚಿದ:
"ಬಸಳೆ ಸೊಪ್ನಾಂಗೆ ತಂಪು."
ಪೆನ್ಸಿಲಿನಷ್ಟುದ್ದದ ಕಡ್ಡಿ, ಅಂಗೈಯಗಲದ ಪೆಟ್ಟಿಗೆ,
ಪೆಟ್ಟಿಗೆಯೊಳಗಿಂದ ಅವನದೇ ರಕ್ತ
ಷುಹೂ ಷುಹೂ ಎಂದಿತು, ಎಡಗಾಲಿನದು.

ಮೂವತ್ತು ವರ್ಷ ಗಜನಿಯ ಜಂತ್ರಡಿ
ಎತ್ತಿ ಇಳಿಸಿದ ಕಿವಿ ಅದು. ಕಣ್ಣು ಮುಚ್ಚಿದ.
"ಇದು ಭರತದ ನೀರು. ಹಲಗೆ ಸರಿ ಅದೆ."

ಬಲಗಾಲು. ಪಾದದ ಮೇಲೆ ಕಡ್ಡಿ.
ಗರಗರ. ಎರಡು ರೇಡಿಯೋ ಸ್ಟೇಷನ್ನುಗಳ ನಡುವಿನ ಮರಳು.
ಕೂದಲೆಳೆ ಆಚೆ, ಕೂದಲೆಳೆ ಈಚೆ,
ಬಾಗಿ ಬಾಗಿ ನನ್ನ ಬೆನ್ನು ಹಿಡಿಯಿತು.
ಹೆಬ್ಬೆರಳಿಗೆ ಬಟ್ಟೆ ಕ್ಲಿಪ್ಪಿನಂಥದ್ದೊಂದು ಕಚ್ಚಿಸಿದೆ:
ಕೆಂಪಗೆ ಹೊಳೆದು, ತೆರೆಯ ಮೇಲೆ
ಗೆರೆ ಎಳೆಯಿತು, ಅಲೆಯನ್ನಲ್ಲ.
ಇಂಥ ಹೊತ್ತಲ್ಲಿ ಏನು ಹೇಳಬೇಕೆಂಬ ಪುಟ
ಯಂತ್ರದ ಕೈಪಿಡಿಯಲ್ಲಿಲ್ಲ.

ಅವನೇ ಹೇಳಿದ: "ಕಡೇ ಗದ್ದೆಗೆ ನೀರು
ಯಾವಾಗ್ಲೂ ದಾರಿ ಮೇಲೆ ಬರುದಿಲ್ಲ ತಂಗೀ.
ಕಾಲುವೆಲಿ ಹೂಳು ತುಂಬ್ತದೆ, ಹಲಗೆ ಎತ್ತಿದ್ರೂ ಅಷ್ಟೇ.
ಆದ್ರೆ ಸಿಗಡಿ ಬದ್ಕಿರ್ತದೆ. ಹ್ಯಾಂಗೆ ಅಂತ ನೋಡಿದ್ರೆ
ಬದುವಿನ ಬುಡದಲ್ಲಿ ಏಡಿ ಬಿಲ.
ಅಲ್ಲಿ ಕಿವಿ ಇಡು."

ಇಟ್ಟೆ. ಒಳಹರಡಿನ ಹಿಂದೆ, ಎಲುಬಿನ ಸಂದಿಯಲ್ಲಿ,
ಯಾರೋ ಬಾಗಿಲಾಚೆ ನಿಂತು ಉಸಿರಾಡಿದಂತೆ
ಮೆಲ್ಲಗೆ ಏರಿ ಮೆಲ್ಲಗೆ ಇಳಿವ
ಒಂದೇ ಒಂದು ಸದ್ದು.
ಫ್ಯಾನು ನಿಲ್ಲಿಸಿದೆ.

ತೋಳು ನೂರನಲವತ್ತು. ಅಲ್ಲಿ ಎಪ್ಪತ್ತು.
ಭಾಗಿಸಿ ಬರೆದೆ: ಅರ್ಧ.
ಏಡಿ ಬಿಲಕ್ಕೆ ಫಾರಮಿನಲ್ಲಿ ಜಾಗವಿಲ್ಲ.
'ಕ್ಷೀಣ, ಆದರೆ ಇದೆ' ಎಂದು ಬರೆದು
'ಆದರೆ ಇದೆ' ಹೊಡೆದುಹಾಕಿ
ಮತ್ತೆ ಬರೆದೆ.

ಬೀಡಿ ಬಿಡಬೇಕು ಎಂದೆ. ಎಷ್ಟು ನಡೆದರೆ ನೋವು ಎಂದೆ.
"ಕಟ್ಟಿನ ಮೇಲೆ ಮೂರನೇ ಜಂತ್ರಡಿವರೆಗೆ.
ಹೋದ ವರ್ಷ ಏಳನೇದರವರೆಗೆ ಹೋಗ್ತಿದ್ದೆ."
ಡಾಕ್ಟರು ಹನ್ನೊಂದಕ್ಕೆ ಬರುತ್ತಾರೆ, ಕೂತಿರಿ ಎಂದರೆ
ಪಂಚೆಯಂಚಿನಿಂದ ಲೋಳೆ ಒರೆಸುತ್ತ
ಗೋಡೆ ಗಡಿಯಾರ ನೋಡಿದ.
ನಾಲ್ಕೂ ಇಪ್ಪತ್ತಕ್ಕೆ ಭರತ.
ಹಲಗೆ ಎತ್ತಲಿಕ್ಕೆ ಬೇರೆ ಯಾರೂ ಇಲ್ಲ.