ಸೀನು

ನಾ ಒಳಗ ಕಾಲಿಟ್ಟರ ಸಾಕು
ಯಾರೋ ಒಬ್ಬಾಕಿ ಸೀನತಿದ್ಲು.
ಬ್ಯಾಡಗಿ ಗೋದಾಮು, ಡಬ್ಬಿ ಕಾಯಿ ರಾಶಿ,
ಮಾರ್ಚ್ ತಿಂಗಳ ಬಿಸಲು, ಮ್ಯಾಲ ತಗಡು.
ಸೀನದಽ ಇರಾಕ ಅವರೇನು ಗೊಂಬಿ ಏನು
ಅಂತ ಅನಕೊಂಡು ಎರಡು ವರ್ಷ ತಿರುಗಿದೆ,
ಕೈಯಾಗ ಲೆಕ್ಕದ ಪುಸ್ತಕ, ಕಿವಿ ಮ್ಯಾಲ ಪೆನ್ನು.

ಹನ್ನೊಂದು ವರ್ಷ ಅಲ್ಲೇ ಕುಂತು
ತುಂಬು ಬಿಡಿಸಿದಾಕಿ ನಾನು.
ಉಗುರಿನ ಸಂದ್ಯಾಗ ಇನ್ನೂ ಉರಿ ಐತಿ.
ಗುಡ್ಡಪ್ಪ ಮೇಸ್ತ್ರಿ ಕಣ್ಣು ಮಂಜಾಗಿ ಮನೀ ಹಿಡದಾಗ
ಸಾವಕಾರ ಕರದು ಪುಸ್ತಕ ಕೊಟ್ಟ:
"ಫಕ್ಕೀರವ್ವ, ನೀ ಒಳಗಿನಾಕಿ, ನಿನಗ ಎಲ್ಲಾ ಗೊತ್ತು."

ಗೊತ್ತಿತ್ತು.
ಯಾರು ತೂಕಕ್ಕಂತ ನೀರು ಚಿಮುಕಸತಾರ,
ಯಾರು ತುಂಬು ಇದ್ದ ಕಾಯಿ ಬುಟ್ಟಿ ತಳಕ್ಕ ಹಾಕತಾರ,
ಯಾರ ಎಲಿ-ಅಡಿಕಿ ಎಷ್ಟು ಹೊತ್ತು.
ಎಲ್ಲಾ ಗೊತ್ತಿತ್ತು, ಯಾಕಂದ್ರ
ನಾನೂ ಮಾಡಿದ್ದೆ.

ಮೊದಲನೇ ವಾರ ಬುಟ್ಟಿ ಬೋರಲು ಹಾಕಿಸಿದೆ.
ಎರಡನೇ ವಾರ ಮಾತು ನಿಲ್ಲಿಸಿದೆ.
"ಕೈ ಆಡ್ಲಿ, ಬಾಯಿ ಅಲ್ಲ" ಅಂದೆ.
ಅದು ಗುಡ್ಡಪ್ಪನ ಮಾತು. ಅವ ಅಂದಾಗ
ಇದಽ ಬಾಯಿಲೆ ನಾ ಅವನ ಹೆಣಾ ಎತ್ತಿದ್ದೆ.

ತೂಕ ಏರಿತು. ಯುಗಾದಿಗೆ ಸಾವಕಾರ ಇಳಕಲ್ ಸೀರಿ ಕೊಟ್ಟ.
ಉಟಗೊಂಡು ಹೋದ ದಿನ
ಒಮ್ಮೆಗೇ ಮೂರು ಸೀನು.

ಗುಟ್ಟು ಬಿಟ್ಟಿದ್ದು ಆಸ್ಮಾ,
ಬಿಬಿಜಾನಳ ಮೊಮ್ಮಗಳು, ಐದು ವರ್ಷದ್ದು,
ಅಂಗನವಾಡಿ ಸೂಟಿ ಅಂತ ಸೆರಗು ಹಿಡದು ಬಂದಿತ್ತು.
ಅವತ್ತು ನಾ ಹಿಂದಿನ ಬಾಗಲದಿಂದ ಬಂದು
ತಕ್ಕಡಿ ಹತ್ರ ನಿಂತೆ. ಯಾರೂ ನೋಡಲಿಲ್ಲ.
ಒಳಗ ನಗು ಅಂದ್ರ ನಗು!
ದ್ಯಾಮವ್ವ ಯಾರದೋ ಬೀಗರ ಕತಿ ಹೇಳಾಕತ್ತಿದ್ಲು,
ಕೈ ತಮ್ಮಷ್ಟಕ್ಕ ತಾವು ಓಡಾಕತ್ತಿದ್ವು,
ನಾ ಇದ್ದಾಗ ಎಂದೂ ಓಡದಷ್ಟು.
ಆಗ ಆ ಕೂಸು ನನ್ನ ಕಂಡು ಕೇಳಿತು, ದೊಡ್ಡ ದನಿಲೆ:
"ದಾದಿ, ಫಕ್ಕೀರವ್ವ ಬಂದಾಳ,
ಇವತ್ತ್ಯಾಕ ಯಾರೂ ಸೀನಲಿಲ್ಲ?"

ಕಾಯಿಯೊಳಗಿನ ಬೀಜ ಅಲುಗಿದ್ರ ಕೇಳೂವಷ್ಟು ಸುಮ್ಮಾದ್ರು.
ನಾ ನಕ್ಕೆ. ನಗಬೇಕಿತ್ತು, ನಕ್ಕೆ.
ಪುಸ್ತಕ ತಗದು ತಾರೀಖು ಬರದೆ,
ಅದರ ಕೆಳಗ ಮತ್ತ ಅದಽ ತಾರೀಖು.

ರಾತ್ರಿ ಮುಖಾ ತೊಳಿಯೂ ಮುಂದ
ಮರತು ಕೈ ಕಣ್ಣಿಗೆ ಹೋತು.
ಹನ್ನೊಂದು ವರ್ಷದಾಗ ಒಮ್ಮೆನೂ ಮಾಡದ ತಪ್ಪು.
ಹಿತ್ತಲ ಕಲ್ಲಿನ ಮ್ಯಾಲ ಕುಂತೆ, ನೀರು ಸುರೀತಿತ್ತು.
ಖಾರದ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ ಅಂತ
ಹೊಸಬರಿಗೆಲ್ಲಾ ಹೇಳಾಕಿ ನಾನಽ.
ಖಾರದ ನಾಲಿಗಿ ಎಲ್ಲಿ ಹಚ್ಚಬಾರದು ಅಂತ
ನನಗ್ಯಾರು ಹೇಳಬೇಕಿತ್ತು?
ಹೇಳಿದ್ರಲ್ಲ. ಎರಡು ವರ್ಷದಿಂದ.
ಮೂಗಿನಿಂದ.

ಮರದಿನ ಹೋಗಿ ತಪ್ಪಾತು ಅಂದೆ ಅಂತ ಹೇಳಿದ್ರ ಸುಳ್ಳಾದೀತು.
ಬುಟ್ಟಿ ಎಳಕೊಂಡು ಬಿಬಿಜಾನಳ ಬಾಜೂಕ ಕುಂತೆ, ಅಷ್ಟಽ.
ಬೆರಳು ಬಿರುಸಾಗಿದ್ವು,
ತಾಸಿಗೆ ಒಂದೂವರೆ ಕಿಲೋ ಆತೋ ಇಲ್ಲೋ.
"ಬಾಯಿ ಆಡ್ಲಿ, ಕೈ ತಾವಽ ಬರತಾವ"
ಅಂದ್ಲು ಆಕಿ, ನನ್ನ ಕಡೆ ನೋಡದ.
ದ್ಯಾಮವ್ವ ಬೀಗರ ಕತಿ ಮುಂದವರಸಲಿಲ್ಲ,
ಇನ್ನೂ ನಾ ಎದ್ದು ಹೋಗೂತನಕ ಕಾಯತಾಳ.
ಇರಲಿ. ಅದು ಆಕಿ ಕತಿ.

ಈಗೂ ಬೈತೇನಿ. ನೀರು ಚಿಮುಕಸಿದ ಕಾಯಿ ಕಂಡ್ರ
ನೆತ್ತಿಗೇರತೈತಿ ಸಿಟ್ಟು.
ಏರಿದಾಗ ರಾಶಿಯಾಗಿನ ಒಂದು ಕಾಯಿ ಎತ್ತಿ
ತುಂಬು ಮುರಿಯೂತನಕ ಬಾಯಿ ಬಿಡೂದಿಲ್ಲ.
ಕೆಲವು ದಿನ ನಾಕು ಕಾಯಿ ಬೇಕಾಗತಾವ,
ಹೋದ ಸೋಮವಾರ ಅರ್ಧ ಬುಟ್ಟಿ.

ಇವತ್ತು ಮುಂದಿನ ಬಾಗಲದಿಂದಽ ಬಂದೆ,
ಬಳಿ ಸಪ್ಪಳ ಮಾಡಿಕೋತ.
ಮೂಲ್ಯಾಗ ಒಂದು ಸೀನು ಬಂತು.
ಎಲ್ಲಾರೂ ನನ್ನ ಮುಖಾ ನೋಡಿದ್ರು.
ಕಾಯಿದೋ, ನಂದೋ?
ತಿಳೀಲಿಲ್ಲ.
ಕುಂತೆ.
ಸ್ವಲ್ಪ ಹೊತ್ತಿಗೆ ನನಗೂ ಒಂದು ಬಂತು.