ಕಲಂ ಹನ್ನೊಂದು

ಖಡೇಬಜಾರದಿಂದ ಒಳಗ ಹೊರಳೂ ಓಣಿಗೆ
ನನ್ನ ಹಾಕಿದ್ದರು: ಒಂದು ಟೇಪು, ಒಂದು ಪ್ಯಾಡು,
ನಲವತ್ತೊಂದು ಕದ.
ಕದಕ್ಕೊಂದು ಹಾಳಿ, ಪ್ರತಿ ಹಾಳಿಯ ತಲಿಮ್ಯಾಲೆ ಕಲಂ ಹನ್ನೊಂದು:
‘ರಸ್ತೆಗೆ ಮುಖವಾದ ನೆಲಮಹಡಿಯನ್ನು
ಮಾರಾಟಕ್ಕೆ ಮಾತ್ರ ಬಳಸತಕ್ಕದ್ದು.
ಮುಂಭಾಗದ ಅರ್ಧದಷ್ಟು ಗಾಜಿರತಕ್ಕದ್ದು.
ಗಾಜಿನ ಹಿಂದೆ ಸರಕು ಕಾಣತಕ್ಕದ್ದು.
ದಾರಿಹೋಕರು ನಿಂತು ನೋಡುವಂತಿರತಕ್ಕದ್ದು.’

ತಕ್ಕದ್ದು, ತಕ್ಕದ್ದು. ಓದಿ ಓದಿ
ಬಾಯಾಗ ತಕ್ಕಡಿ ತೂಗಿಧಂಗ ಆತು.

ಪಾರಿಸ ಚೌಗಲಾ ಅವರ ಭಾಂಡಿ ಅಂಗಡಿ: ಸರಿ.
ಅತ್ತಾರರ ಅಂಗಡಿ: ಸರಿ. ಅಲ್ಲಿ ಕಣ್ಣಿಗಿಂತ ಮೊದಲ
ಮೂಗಿಗೆ ಬರತೈತಿ ಸರಕು; ಮೂಗಿಗೆ ಹಾಳ್ಯಾಗ ಜಾಗಿಲ್ಲ.
ಕುಂದಾದ ಅಂಗಡಿಯವ ಒಂದು ಚೂರು ಎಲಿಮ್ಯಾಲಿಟ್ಟು ಕೊಟ್ಟ.
ಸರಕಾರಿ ಕೆಲಸ, ತಿನ್ನಲಿಲ್ಲ.
(ತಿಂದೆ. ಅಳತಿ ಮುಗದ ಮ್ಯಾಲೆ ತಿಂದೆ.)

ಟೈಪಿಂಗಿನ ನಾಡಗೇರ ಕಾಕಾ ಮಾರೂದು ಏನೂ ಇಲ್ಲ.
ಬಾಡಿಗಿ ಕರಾರು, ಹೆಸರಿನ ತಿದ್ದುಪಡಿ, ವಾರಸಾ ಅರ್ಜಿ.
‘ಕಚೇರಿ. ಮೇಲ್ಮಹಡಿಗೆ’ ಅಂತ ಬರದೆ, ಸಹಿ ಹಾಕಿದೆ.
ಹದಿನೆಂಟು ಪಾವಟಣಿಗಿ.
ಅವರ ಗಿರಾಕಿ ಎಲ್ಲಾ ಪಿಂಚಣಿಯವರು, ಮೊಣಕಾಲು ಹಿಡಿದವರು.
ಮುಂದಿನ ವಾರ ಹೋದರ
ಮ್ಯಾಲಿನ ಕಿಡಕಿಗೆ ಹಗ್ಗ, ಹಗ್ಗಕ್ಕ ಬುಟ್ಟಿ:
ಆಧಾರ ಕಾರ್ಡು, ನೂರರ ನೋಟು ಏರತಿದ್ದವು,
ಬೆಚ್ಚನ್ನ ಅರ್ಜಿ ಇಳೀತಿತ್ತು.
ಕೆಳಗ ನಿಂತವರು ಕತ್ತೆತ್ತಿ ಒದರತಿದ್ದರು
ತಾವು ಹುಟ್ಟಿದ ತಾರೀಖು, ತಮ್ಮ ಭಾಗಾದಿಯ ಹೆಸರು,
ಓಣಿಗೆಲ್ಲಾ ಕೇಳೂಹಂಗ.
ನೆಲಕ್ಕ ನಿಯಮ ಐತಿ, ಮಹಡಿಗೆ ಐತಿ.
ನಡುವಿನ ಗಾಳಿಗೆ ಏನೈತಿ ಅಂತ ಹುಡುಕಿದೆ. ಸಿಗಲಿಲ್ಲ.

ಇಪ್ಪತ್ತಾರನೇ ಕದ, ಜೈತುನಬಿ ರಫೂಗಾರ.
ಅಗಲ ನಾಕೂವರಿ ಅಡಿ. ಒಂದು ಮಣಿ, ಒಂದು ಬಲ್ಬು,
ಸೂಜಿ ಚುಚ್ಚಿಟ್ಟ ಗಂಡನ ಹಳೇ ಟೊಪಗಿ.
‘ಸರಕು ಏನ್ರಿ?’
‘ಅರಿವಿ ನಿಮ್ಮದು. ತೂತೂ ನಿಮ್ಮದ.
ನಂದು ನಡುವಿನ ನೂಲು.’
‘ಗಾಜಿನ್ಯಾಗ ಏನಾರ ತೋರಸಬೇಕಲ್ರಿ.’
ನಕ್ಕಳು. ‘ಕಂಡರ ಅದು ತ್ಯಾಪಿ, ಮಗಳ. ರಫೂ ಅಲ್ಲ.’

ನನ್ನ ಹಾಳ್ಯಾಗ ಎರಡ ಚೌಕ: ಕಾಣುತ್ತದೆ, ಕಾಣುವುದಿಲ್ಲ.
ಎರಡರ ನಡುವ ಒಂದು ಪ್ರಶ್ನೆಚಿಹ್ನೆ ಹಾಕಿ ಮುಂದ ಹೋದೆ.
ಆಫೀಸಿನ ಕಂಪ್ಯೂಟರು ಆ ಚಿಹ್ನೆಗೂ
ಮುನ್ನೂರು ರೂಪಾಯಿ ದಂಡಾ ಹಾಕಿತು.

ಹದಿನೈದು ದಿನಕ್ಕ ಮರುತಪಾಸಣಿ. ಸಂಗಾಟ ಸಾಹೇಬರು.
ಗಾಜು ಕೂತಿತ್ತು. ಹಿಂದ ಒಂದ ಒಂದು ಬಿಳೀ ಅಂಗಿ,
ಬಾಜೂಕ ರಟ್ಟಿನ ಮ್ಯಾಲೆ ಮೊಮ್ಮಗಳ ದುಂಡನ್ನ ಅಕ್ಷರ:
‘ಈ ಅಂಗಿಗೆ ಐದು ತೂತು ಇದ್ದವು. ಹುಡುಕಿರಿ.’

ಸಾಹೇಬರು ಚಸ್ಮಾ ಒರಸಿಕೊಂಡರು. ಬಾಗಿದರು.
‘ಕಾಲರಿನ ಹಂತೇಲಿ’ ಅಂದರು.
ಒಳಗಿನಿಂದ, ‘ಅಲ್ಲ.’
‘ಬಗಲಾಗ.’ ‘ಅಲ್ಲ.’
ಚೌಗಲಾ ಗಲ್ಲಾ ಬಿಟ್ಟು ಬಂದರು,
ಬುಟ್ಟಿಗೆ ಕಾಯೂ ಮುದುಕರು ಬಂದರು,
ಹಾಲಿನ ಕ್ಯಾನಿನ ಸೈಕಲ್ಲಿನವ ಒಂದು ಕಾಲೂರಿ ನಿಂತ,
ಒಬ್ಬ ಮರಾಠಿಯೊಳಗ, ಒಬ್ಬ ಕನ್ನಡದಾಗ ಪಣಾ ಕಟ್ಟಿದರು,
ಹಿಂದ ಸಿಕ್ಕೊಂಡ ರಿಕ್ಷಾದವ ಹಾರ್ನ್ ಹೊಡದು ಹೊಡದು
ಕಡೀಕ ತಾನೂ ಇಳದು ಬಂದ.

ಯಾರಿಗೂ ಒಂದೂ ಸಿಗಲಿಲ್ಲ.
ನಾ ಅಂಗಿ ಬಿಟ್ಟು ಮಂದೀನ ಎಣಸಿದೆ: ಹದಿನಾಕು.
ದಾರಿಹೋಕರು ನಿಂತು ನೋಡತಕ್ಕದ್ದು.
ನೋಡಾಕತ್ಯಾರ.
ಇಡೀ ಓಣ್ಯಾಗ ಕಲಂ ಹನ್ನೊಂದು ಪಾಲಿಸಿದ್ದು
ಮಾರಾಟಕ್ಕಿಲ್ಲದ ಒಂದು ಅಂಗಿ.

ಮಂದಿ ಚದುರಿದ ಮ್ಯಾಲೆ ಬಾಗಿಲ ಸಂದ್ಯಾಗ ಕೇಳಿದೆ,
‘ಖರೇನ ಐದ ಇದ್ದೂವೇನ್ರಿ?’
ಹಲ್ಲಿಲೆ ನೂಲು ಕಡದಳು, ಸೂಜಿ ಟೊಪಗಿಗೆ ಚುಚ್ಚಿದಳು.
‘ಅದಕ್ಕೇನು, ನಿನ್ನ ಹಾಳ್ಯಾಗ ಕಲಂ ಐತೇನ?’