ಬಿಳಿಗೆ ಮಸಿಯಿಲ್ಲ

ಜೈತೂನ್ ಬೀ ಕೇಳಿದ್ದು ಒಂದೇ ಮಾತು:
"ಎಳೆ ಎಲ್ಲಿ?"

ಟೇಬಲ್ಲಿನ ಮೇಲೆ ಅವಳದೇ ಕೈ,
ಹದಿಮೂರು ಇಂಚು ಅಗಲ, ಕಪ್ಪು ಬಿಳುಪು.
ಕುದಿನೀರಿಗೆ ಬೆಂದು ಸುಕ್ಕಾದ ಬೆರಳು,
ಉಗುರಿನ ಸಂದಿಯ ಕೊಳೆ,
ಬಾಂಡಲಿಯಲ್ಲಿ ತೇಲುವ ಗೂಡು, ಹಬೆ,
ಎಲ್ಲ ಇದೆ.
ಬೆರಳಿಂದ ಚರಕಕ್ಕೆ ಏರಬೇಕಾದ ಆ ಒಂದು ರೇಷ್ಮೆ
ಇಲ್ಲ.
"ಇದು ನಾನು ಬಿಚ್ಚಾಣಿಕೆ ಮಾಡ್ತಿರೋದಲ್ಲ ಮುನಿಶಾಮಿ,
ಬೇಡ್ತಿರೋದು."

ಷೆಡ್ಡಿನ ಗೋಡೆಗೆ ಬೇಕಂತೆ,
ಹೊಸ ಮೆಷಿನ್ನಿಗೆ ಎದುರಾಗಿ.

ಕಂಪ್ಯೂಟರಿನಲ್ಲಿ ಇತ್ತು. ನಾನೇ ಕಂಡಿದ್ದೆ.
ಅಪ್ಪ ಎಂಬತ್ತೇಳರಲ್ಲಿ ತೆಗೆದ ನೆಗೆಟಿವ್ಪಟ್ಟಿಯಲ್ಲಿ,
ಬೆಳ್ಳಿಯ ಕಾಳು ಕಾಳಿನ ನಡುವೆ
ತೊದಲುತ್ತಾ ಹೋಗುವ ಒಂದು ಗೆರೆ.

ಅವಳು ಹೋದ ಮೇಲೆ ಷಟರ್ ಅರ್ಧ ಇಳಿಸಿ ಕೂತೆ.
ಮೊದಲು ಯಂತ್ರದ ಮೇಲೆ ಅನುಮಾನ.
ನಾಜಲ್ ನೋಡಿದೆ, ಒಂದು ಗೆರೆಯೂ ಮುರಿದಿಲ್ಲ.
ಹೆಡ್ಡನ್ನು ಸಾಲಿಗೆ ತಂದೆ.
ಹೋಗುವಾಗ ಮಾತ್ರ ಮಸಿ ಹಾಕು,
ಬರುವಾಗ ಸುಮ್ಮನೆ ಬಾ ಎಂದೆ.
ಹಾಳೆಗೆ ಹನ್ನೆರಡು ನಿಮಿಷ.
ಪೆಟ್ಟಿಗೆಯ ಮೇಲೆ ಬರೆದಿದ್ದಾರೆ,
ಇಂಚಿಗೆ ಇಷ್ಟು ಸಾವಿರ ಚುಕ್ಕಿ ಅಂತ.
ಇರಬಹುದು. ಆದರೆ ಒಂದು ಬೂದು ಹೇಳಬೇಕಾದರೆ
ಹತ್ತಾರು ಚುಕ್ಕಿ ಸಭೆ ಸೇರಬೇಕು,
ಕೆಲವು ಕೂರಬೇಕು, ಕೆಲವು ಏಳಬೇಕು.
ಎಳೆಗೆ ಅಷ್ಟು ಹೊತ್ತು ಎಲ್ಲಿದೆ?

ಬಣ್ಣಗಳನ್ನು ಕಲಸಿ ಬೂದು ಮಾಡುವ ಚಾಳಿ ಬಿಡಿಸಿ
ಕಪ್ಪು ಒಂದೇ ಸಾಕು ಎಂದೆ.
ಕಪ್ಪು ಒಂದೇ ಬಂತು,
ಮುಂಗೈ ಮೇಲೆ ರಾಗಿ ಚೆಲ್ಲಿದ ಹಾಗೆ.

ಗೂಡಿನ ಮಾರ್ಕೆಟ್ಟಿಗೆ ಮೊದಲ ಲಗೇಜ್ ಆಟೋ ಹೋದಾಗ
ನಾಲ್ಕು ಗಂಟೆಯಿರಬೇಕು. ಆಗ ಹೊಳೆಯಿತು,
ಇಷ್ಟು ವರ್ಷ ಕಾರ್ಟ್ರಿಜ್ ಬದಲಿಸಿಯೂ ಗಮನಿಸದ್ದು:
ಈ ಯಂತ್ರದಲ್ಲಿ ಬಿಳಿಗೆ ಮಸಿಯಿಲ್ಲ.
ಬಿಳಿ ಅಂದರೆ ಮಸಿ ಬೀಳದೆ ಉಳಿದ ಜಾಗ.
ಎಳೆಯನ್ನು ಯಾರೂ ಬರೆಯುವುದಿಲ್ಲ, ಬಿಡಬೇಕು.
ಆ ಕಡೆಯ ಕಪ್ಪು ಒಂದು ಕೂದಲಷ್ಟು ಹರಡಿತು,
ಈ ಕಡೆಯದು ಒಂದು ಕೂದಲಷ್ಟು.
ಎರಡು ಹೊಲದವರೂ ಗೇಣು ಗೇಣು ಒತ್ತಿದರೆ
ನಡುವಿನ ಕಾಲುದಾರಿ ಹೋದ ಹಾಗೆ,
ಜಗಳವಿಲ್ಲದೆ, ಸರ್ವೆಯಿಲ್ಲದೆ
ಹೋಯಿತು.

ಹತ್ತಿಯ ಹಾಳೆಯದೂ ತಪ್ಪಿದೆ.
ಸಾರು ಹೀರಿದ ಮುದ್ದೆಯಂತೆ ಮಸಿ ಹೀರಿ
ಅಂಚು ಬಿಡುತ್ತದೆ.
ಹೊಳಪಿನ ಹಾಳೆ ಹಾಕಿದೆ.
ಬಂತು, ಅರ್ಧ.
ಮಸಿಹಿಡಿದ ಗೋಡೆಯ ಮುಂದೆ ಇದೆ,
ಹಬೆಯ ಮುಂದೆ ಇಲ್ಲ.
ಬಿಳಿಯ ಮೇಲಿನ ಬಿಳಿಗೆ
ಅಪ್ಪನ ಲೆನ್ಸೂ ಸಾಕ್ಷಿ ಹೇಳಿರಲಿಲ್ಲ.

ಡ್ರಾಯರಿನಲ್ಲಿ ಅಪ್ಪನ ಅರ್ಧ ಬ್ಲೇಡ್ ಇನ್ನೂ ಇದೆ.
ಶಿಡ್ಲಘಟ್ಟದ ಎಷ್ಟು ಮದುಮಗಳರ ಮೂಗುತಿ
ಹೊಳೆದದ್ದು ಅದರ ತುದಿಯಿಂದ.
ತೆಗೆದೆ. ಹಾಳೆಯವರೆಗೂ ಕೈ ಹೋಯಿತು.
ಇರುವುದನ್ನು ತೋರಿಸಲು ಇಲ್ಲದ್ದನ್ನು ಕೆರೆಯಬಹುದೇ?
ಗೊತ್ತಾಗಲಿಲ್ಲ. ಮಲಗಿದೆ.

ಬೆಳಿಗ್ಗೆ ಬಂದಳು, ಹುಳದ ವಾಸನೆಯ ಸೆರಗು.
ಹೊಳಪಿನದನ್ನು ಎತ್ತಿದರೆ ಟ್ಯೂಬ್‌ಲೈಟ್ ಒಳಗೆ ಇಳಿಯಿತು.
"ಇದು ಕನ್ನಡಿ, ಬೇಡ."
ಹತ್ತಿಯದನ್ನು ಹತ್ತಿರ ತಂದಳು, ದೂರ ಹಿಡಿದಳು.
"ಈಗ ಬಾಂಡಲೀಲೂ ನಂಗೆ ಎಳೆ ಕಾಣಲ್ಲ ಕಣಪ್ಪ.
ಬೆರಳಿಗೆ ಗೊತ್ತಾಗುತ್ತೆ, ಅಷ್ಟೇ.
ಅದೇನದು ಬ್ಲೇಡಾ? ಕೊಡಿಲ್ಲಿ."

ಸ್ಕೇಲ್ ಕೇಳಲಿಲ್ಲ. ಉಸಿರು ಹಿಡಿಯಲಿಲ್ಲ.
ಬೆರಳ ತುದಿಯಿಂದ ಚರಕದ ತನಕ
ಒಂದೇ ಸಲ ಎಳೆದಳು,
ಹಬೆ ಬಂದಲ್ಲಿ ಎತ್ತಿ,
ಹಬೆ ದಾಟಿ ಮತ್ತೆ ಇಳಿಸಿ.

ನೆಗೆಟಿವ್ನಲ್ಲಿದ್ದ ಎಳೆ
ಇದಕ್ಕಿಂತ ಒಂದು ಕಡ್ಡಿ ಬಲಕ್ಕಿತ್ತು.
ನಾನು ಹೇಳಲಿಲ್ಲ.

ಬ್ಲೇಡಿಗೆ ಅಂಟಿದ ಹಾಳೆಯ ಹೊಟ್ಟನ್ನು ಉಫ್ ಎಂದು ಊದಿ
ಎಷ್ಟಾಯಿತು ಎಂದಳು.
ಹಾಳು ಮಾಡಿದ ಆರು ಹಾಳೆಯನ್ನು
ಕಾಲಿನಿಂದ ಮೇಜಿನಡಿಗೆ ತಳ್ಳುತ್ತಾ
ಒಂದರ ದುಡ್ಡು ಹೇಳಿದೆ.
ಅದರಲ್ಲೂ ಚೌಕಾಸಿ ಮಾಡಿದಳು.